ಹಿಮದ ಕೆರೆಗೆ ಕೋಡಿ ಬಿದ್ದಾಗ

ಮಿನಿಯಾಪೊಲಿಸ್ ವಿಮಾನ ನಿಲ್ದಾಣದಿಂದ ಮಗಳ ಮನೆಗೆ ಹೋಗುವ ದಾರಿಯಲ್ಲಿ ಒಂದು ಸೇತುವೆ ಬಂತು. ‘ಮಿನ್ನೆಸೋಟ ನದಿ ಅಪ್ಪಾ’ ಎಂದಳು. ನಾನು ಕಾರಿನ ಕಿಟಕಿಗೆ ಮುಖ ಒತ್ತಿ ಕೆಳಗೆ ನೋಡಿದೆ. ಮರಗಳ ತಲೆ ಕಂಡವು. ಆಮೇಲೆ ಜೊಂಡು, ಜೌಗು, ಮತ್ತೆ ಮರ. ಕೊನೆಗೊಮ್ಮೆ ಕಂದು ನೀರಿನ ಹೊಳೆಯೊಂದು ಕಾಣಿಸಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಾಯಿತು. ಮತ್ತೆ ಜೌಗು, ಮತ್ತೆ ಮರ. ಸೇತುವೆ ಮಾತ್ರ ಮುಗಿಯಲೊಲ್ಲದು.

1926ರಲ್ಲಿ ಕಟ್ಟಿದ ಈ ಮೆಂಡೋಟ ಸೇತುವೆ ಒಂದೂಕಾಲು ಕಿಲೋಮೀಟರ್ ಉದ್ದವಿದೆ. ಕಾಂಕ್ರೀಟ್ ಕಮಾನುಗಳನ್ನು ಸಾಲಾಗಿ ಹೊಸೆದ ಸೇತುವೆಗಳಲ್ಲಿ ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ್ದು. ನನ್ನ ಕಣ್ಣಳತೆಗೆ ಹೊಳೆಗೆ ಬೇಕಾಗಿದ್ದು ಅದರಲ್ಲಿ ಹತ್ತರಲ್ಲೊಂದು ಪಾಲು. ಉಳಿದ ಒಂಬತ್ತು ಪಾಲು ಯಾರಿಗಾಗಿ? ಆಚೆ ದಡ, ಈಚೆ ದಡ ಎಂದು ಕಾಣುತ್ತಿದ್ದ ಆ ಎರಡು ಎತ್ತರದ ಏರುಗಳ ನಡುವೆ ಹಿಂದೆ ಯಾರು ಹರಿಯುತ್ತಿದ್ದರು? ಪ್ರಯಾಣದ ದಣಿವಿನಲ್ಲೂ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ತಿಪಟೂರು ಸೀಮೆಯವನು. ನಮ್ಮೂರಿಗೆ ನದಿಯಿಲ್ಲ, ಕೆರೆಯಿದೆ. ಕೋಡಿ ಬಿದ್ದ ವರ್ಷ ಊರಿಗೆ ಊರೇ ಅಲ್ಲಿ ಹೋಗಿ ನಿಲ್ಲುತ್ತಿತ್ತು. ನನಗೆ ಹತ್ತು ವರ್ಷವಿದ್ದಾಗ ಅಂಥದೊಂದು ಮಳೆಗಾಲದಲ್ಲಿ ಕೋಡಿಯ ಕಲ್ಲುಕಟ್ಟಡ ಒಂದು ಮಗ್ಗುಲಲ್ಲಿ ಕಿತ್ತುಹೋಯಿತು. ಇಡೀ ರಾತ್ರಿ ಸದ್ದು. ಬೆಳಗ್ಗೆ ಓಡಿಹೋಗಿ ನೋಡಿದರೆ, ನಿನ್ನೆಯವರೆಗೆ ನಾವು ಹಾರಿ ದಾಟುತ್ತಿದ್ದ ಕೋಡಿಹಳ್ಳ ಆನೆ ಇಳಿದರೂ ಕಾಣದಷ್ಟು ಆಳಕ್ಕೆ ಕೊರೆದಿತ್ತು. ಕೆರೆ ಬರಿದಾದರೂ ಕೊರಕಲು ಉಳಿಯಿತು. ಈಗಲೂ ಇದೆ, ತಳದಲ್ಲಿ ಮೊಳದಗಲದ ನೀರು. ಇಷ್ಟು ಸಣ್ಣ ಹಳ್ಳ ಇಷ್ಟು ದೊಡ್ಡ ಕೊರಕಲನ್ನು ಹೇಗಪ್ಪಾ ಮಾಡಿತು ಎಂದು ಹೊಸದಾಗಿ ಬಂದ ನೆಂಟರು ಕೇಳುತ್ತಾರೆ. ಹಳ್ಳ ಮಾಡಿದ್ದಲ್ಲ, ಕೆರೆ ಮಾಡಿದ್ದು ಎಂದು ನಾವು ಹೇಳುತ್ತೇವೆ.

ಮಿನ್ನೆಸೋಟ ಕಣಿವೆಯ ಕಥೆಯೂ ಅದೇ. ಆದರೆ ಆ ಕೆರೆಯ ಅಳತೆ ನನ್ನ ಮನಸ್ಸಿಗೆ ಇಳಿಯಲು ಮೂರು ದಿನ ಬೇಕಾಯಿತು.

ಹಿಮಯುಗ ಮುಗಿಯುವ ಹೊತ್ತು. ಕೆನಡಾದ ಬಹುಭಾಗವನ್ನು ಹೊದ್ದು ಮಲಗಿದ್ದ ಹಿಮದ ಹಾಸು ಹಡ್ಸನ್ ಕೊಲ್ಲಿಯ ಮೇಲೆ 3 ಕಿಲೋಮೀಟರಿಗೂ ಹೆಚ್ಚು ದಪ್ಪವಿತ್ತು. ಮುಳ್ಳಯ್ಯನಗಿರಿಯ ತುದಿಯೂ ಅದರ ಹೊಟ್ಟೆಯೊಳಗೆ ಎಲ್ಲೋ ಹೂತುಹೋಗುತ್ತಿತ್ತು. ಅದು ಕರಗುತ್ತಾ ಉತ್ತರಕ್ಕೆ ಸರಿಯಿತು. ಅಲ್ಲಿನ ನೆಲದ ಇಳಿಜಾರೂ ಉತ್ತರಕ್ಕೇ. ನೀರು ಸಹಜವಾಗಿ ಹಡ್ಸನ್ ಕೊಲ್ಲಿಗೆ ಹೋಗಬೇಕು, ಆದರೆ ದಾರಿಗೆ ಅಡ್ಡ ಹಿಮವೇ ಕೂತಿದೆ. ಹಿಮವೇ ಏರಿ, ಹಿಮ ಕರಗಿದ್ದೇ ನೀರು. ದಕ್ಷಿಣದಲ್ಲಿ ಅದೇ ಹಿಮ ಹಿಂದೆ ತಂದು ಸುರಿದಿದ್ದ ಮಣ್ಣು, ಜಲ್ಲಿ, ಬಂಡೆಗಳ ದಿಬ್ಬ. ಇವೆರಡರ ನಡುವೆ ನೀರು ನಿಂತು ನಿಂತು ಕೆರೆಯಾಯಿತು. 1879ರಲ್ಲಿ ವಾರೆನ್ ಅಪ್ಹಮ್ ಎಂಬ ಭೂವಿಜ್ಞಾನಿ ಅದಕ್ಕೆ ಅಗಾಸಿಸ್ ಸರೋವರ ಎಂದು ಹೆಸರಿಟ್ಟ. ಹಿಮಯುಗವೆಂಬುದೊಂದು ಇತ್ತೆಂದು 1837ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎದ್ದುನಿಂತು ಸಾರಿದ ಲೂಯಿ ಅಗಾಸಿಸ್‌ನ ನೆನಪಿಗೆ. ಕೆರೆ ಅತಿ ಹಿಗ್ಗಿದ್ದಾಗ ಅದರ ಹರವು 4 ಲಕ್ಷ ಚದರ ಕಿಲೋಮೀಟರಿಗೂ ಮಿಗಿಲು. ಎರಡು ಕರ್ನಾಟಕಗಳು ಅದರಲ್ಲಿ ಮುಳುಗಿಯೂ ಜಾಗ ಉಳಿಯುತ್ತಿತ್ತು.

ತುಂಬಿದ ಕೆರೆ ತಗ್ಗು ಹುಡುಕುತ್ತದೆ. 13ರಿಂದ 14 ಸಾವಿರ ವರ್ಷಗಳ ಹಿಂದೆ ದಕ್ಷಿಣದ ದಿಬ್ಬದಲ್ಲಿ ಒಂದು ತಗ್ಗು ಸಿಕ್ಕಿತು. ಕೋಡಿ ಬಿತ್ತು. ಆ ಕೋಡಿಹಳ್ಳಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ವಾರೆನ್ ನದಿ. ಅದು ಈಗ ಇಲ್ಲ. ಅದು ಬಿಟ್ಟುಹೋದ ಮನೆಯಲ್ಲಿ ಮಿನ್ನೆಸೋಟ ಎಂಬ ಸಣ್ಣ ಹೊಳೆ ಬಿಡಾರ ಹೂಡಿದೆ.

‘ಕೋಡಿ ಎಲ್ಲಿತ್ತೋ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?’ ಎಂದೆ. ಮಗಳು ಫೋನಿನಲ್ಲಿ ನಕಾಶೆ ನೋಡಿದಳು. ‘ಮುನ್ನೂರು ಕಿಲೋಮೀಟರ್ ಮೇಲಾಗತ್ತಪ್ಪಾ. ರಜ ಹಾಕ್ತೀನಿ, ಹೋಗೋಣ.’

ಹೊರಡುವ ಮುಂಚೆ ಊರಿನೊಳಗೇ ನೋಡಬೇಕಾದದ್ದಿತ್ತು. ಈ ಸೀಮೆಯ ಮೂಲನಿವಾಸಿಗಳಾದ ಡಕೋಟ ಜನರ ಮಾತಿನಲ್ಲಿ ‘ಮ್ನಿ’ ಎಂದರೆ ನೀರು. ಮಿನ್ನೆಸೋಟದಲ್ಲಿ ಅದಿದೆ, ಮಿನ್ನೆಹಾಹಾ ಜಲಪಾತದಲ್ಲಿ ಇದೆ. ಮಿನಿಯಾಪೊಲಿಸ್ ಎಂಬ ಹೆಸರಿಗೆ ಕನ್ನಡದಲ್ಲಿ ನೀರೂರು ಎಂದರೆ ಸರಿಹೋಗುತ್ತದೆ. ಮಿನ್ನೆಸೋಟ ಹೊಳೆ ಮಿಸಿಸಿಪ್ಪಿಯನ್ನು ಕೂಡುವ ಜಾಗವನ್ನು ಅವರು ಬ್ದೋಟೆ ಎನ್ನುತ್ತಾರೆ. ಎರಡು ನೀರು ಸೇರುವಲ್ಲಿ ಎಂದರ್ಥ. ತಮ್ಮ ಕುಲ ಹುಟ್ಟಿದ್ದೇ ಅಲ್ಲಿ ಎಂದು ಅವರಲ್ಲಿ ಹಲವರ ನಂಬಿಕೆ. ಸಂಗಮಕ್ಕೆ ಕೈಮುಗಿದು ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ನೀರಿನ ಅಂಚಿಗೆ ಇಳಿದು ಕೈ ಅದ್ದಿದೆ. ಮಿಸಿಸಿಪ್ಪಿಯ ಹೆಸರು ದೊಡ್ಡದು, ಆದರೆ ಆ ಸಂಗಮದಲ್ಲಿ ಅಗಲವಾದ ಕಣಿವೆ ಮಿನ್ನೆಸೋಟದ್ದು. ಹೆಸರಾಂತ ನದಿ ಇಕ್ಕಟ್ಟಾದ ಕಲ್ಲಿನ ಓಣಿಯಿಂದ ಬಂದು ಅದರೊಳಗೆ ಸೇರುತ್ತದೆ.

ಆ ಓಣಿಯೂ ಕೋಡಿನೀರಿನ ಕೆಲಸವೇ. ಸುಮಾರು 12 ಸಾವಿರ ವರ್ಷಗಳ ಹಿಂದೆ ಈಗಿನ ಸೇಂಟ್ ಪಾಲ್ ನಗರದ ನಟ್ಟನಡುವೆ ವಾರೆನ್ ನದಿ ಒಂದು ಜಲಪಾತವಾಗಿ ಧುಮುಕುತ್ತಿತ್ತು. ಎತ್ತರ 50 ಮೀಟರಿಗೂ ಹೆಚ್ಚು, ಅಗಲ ಸುಮಾರು 800 ಮೀಟರ್. ಜೋಗದ ಎತ್ತರವಿಲ್ಲ ನಿಜ. ಆದರೆ ಮುಕ್ಕಾಲು ಕಿಲೋಮೀಟರಿಗೂ ಅಗಲವಾಗಿ ಒಂದೇ ಪರದೆಯಂತೆ ಬೀಳುವ ನೀರಿನ ಸದ್ದನ್ನು ಊಹಿಸಲು ಹೋಗಿ ನಾನು ಸೋತೆ. ಮೇಲೆ ಗಟ್ಟಿ ಸುಣ್ಣಕಲ್ಲು, ಕೆಳಗೆ ಬೆರಳಿನಲ್ಲಿ ಉಜ್ಜಿದರೆ ಸಕ್ಕರೆಯಂತೆ ಉದುರುವ ಬಿಳಿ ಮರಳುಗಲ್ಲು. ಬಿದ್ದ ನೀರು ಹಿಂದಕ್ಕೆ ಚಿಮ್ಮಿ ಮರಳುಗಲ್ಲನ್ನು ತಿನ್ನುತ್ತದೆ, ಆಧಾರ ತಪ್ಪಿದ ಸುಣ್ಣಕಲ್ಲು ಮುರಿದು ಬೀಳುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹಾಗೆ ಸರಿಯುತ್ತಾ ಸಂಗಮದ ತನಕ ಬಂದು ಕವಲೊಡೆಯಿತು. ಒಂದು ಕವಲು ಮಿಸಿಸಿಪ್ಪಿ ಹಿಡಿದು ಹದಿಮೂರು ಕಿಲೋಮೀಟರ್ ಮೇಲಕ್ಕೆ ನಡೆದು ಇವತ್ತು ಮಿನಿಯಾಪೊಲಿಸ್ ಪೇಟೆಯ ನಡುವೆ ನಿಂತಿದೆ. ಡಕೋಟರು ಅದನ್ನು ಒವಾಮ್ನಿಯೊಮ್ನಿ ಎಂದರು. 1680ರಲ್ಲಿ ಬಂದ ಫ್ರೆಂಚ್ ಭಾಷಿಕ ಪಾದ್ರಿ ಲೂಯಿ ಹೆನ್ನೆಪಿನ್ ತನ್ನ ಸಂತನ ಹೆಸರು ಕೊಟ್ಟು ಸೇಂಟ್ ಆಂಥನಿ ಎಂದ.

ನಡೆದು ಬಂದ ಜಲಪಾತ ಈಗೇಕೆ ನಿಂತಿದೆ? ನಿಲ್ಲಿಸಿದ್ದಾರೆ. 1869ರಲ್ಲಿ ಗಿರಣಿಗಳಿಗಾಗಿ ನದಿಯ ತಳದ ಮರಳುಗಲ್ಲಿನಲ್ಲಿ ಸುರಂಗ ಕೊರೆಯಲು ಹೋದಾಗ ನೀರು ನುಗ್ಗಿ ಜಲಪಾತವೇ ಕುಸಿಯುವ ಹಾಗಾಯಿತು. ಮೇಲಿನ ಸುಣ್ಣಕಲ್ಲಿನ ಹಾಸು ಸ್ವಲ್ಪ ದೂರದಲ್ಲೇ ಮುಗಿಯುತ್ತದೆ. ಅದು ಮುಗಿದರೆ ಜಲಪಾತ ಹೋಗಿ ಬರೀ ಕಲ್ಲುಕೊರಕಲಿನ ರಭಸ ಉಳಿಯುತ್ತದೆ. ಸೈನ್ಯದ ಎಂಜಿನಿಯರುಗಳು 1876ರ ಹೊತ್ತಿಗೆ ನದಿಯಡಿಯಲ್ಲಿ ಕಾಂಕ್ರೀಟ್ ಗೋಡೆ ಇಳಿಸಿದರು. ಇವತ್ತು ಕಾಣುವುದು ಇಳಿಜಾರು ಕಾಂಕ್ರೀಟಿನ ಮೇಲೆ ಜಾರುವ ನೀರು. ಅದರ ಶಕ್ತಿಯಿಂದಲೇ ಈ ಊರು ಒಂದು ಕಾಲಕ್ಕೆ ಜಗತ್ತಿನ ಹಿಟ್ಟಿನ ರಾಜಧಾನಿಯಾಯಿತು. 1883ರ ಕಲ್ಲುಕಮಾನಿನ ಸೇತುವೆಯ ಮೇಲೆ ನಿಂತು ಹಳೆಯ ಗಿರಣಿಗಳನ್ನು ನೋಡುತ್ತಿದ್ದಾಗ ನನಗೆ ಹೊಳೆದದ್ದು ಇದು. ಇಲ್ಲಿಗೆ ಬರುತ್ತಿದ್ದ ಗೋಧಿಯಲ್ಲಿ ದೊಡ್ಡದೊಂದು ಪಾಲು ಉತ್ತರದ ರೆಡ್ ರಿವರ್ ಬಯಲಿನಲ್ಲಿ ಬೆಳೆದದ್ದು. ಆ ಬಯಲು ಅಗಾಸಿಸ್ ಸರೋವರದ ತಳ. ಕೆರೆಯಂಗಳದಲ್ಲಿ ಬೆಳೆದ ಗೋಧಿಯನ್ನು ಅದೇ ಕೆರೆಯ ಕೋಡಿ ಕಡೆದ ಜಲಪಾತದಲ್ಲಿ ಬೀಸಿದ್ದಾರೆ. ಕೆರೆ ಬತ್ತಿ ಸಾವಿರಾರು ವರ್ಷಗಳಾದ ಮೇಲೆ!

ಸೆಪ್ಟೆಂಬರ್ ಕೊನೆಯ ಬೆಳಗಿನಲ್ಲಿ ಹೊಳೆಯ ಮೇಲ್ಮುಖವಾಗಿ ಹೊರಟೆವು. ಮುಸುಕಿನ ಜೋಳ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಬಯಲು ಎಂದರೆ ತಟ್ಟೆಯಂಥ ಬಯಲು. ಇದ್ದಕ್ಕಿದ್ದಂತೆ ರಸ್ತೆ ತಲೆ ಬಗ್ಗಿಸಿ ಕಣಿವೆಗೆ ಇಳಿಯುತ್ತದೆ. ಕಸೋಟ ಎಂಬ ಊರಿನ ಬಳಿ ಕಣಿವೆಯ ಮಧ್ಯದಲ್ಲೇ ಒಂದು ಜಗಲಿಯಿದೆ. ಮಣ್ಣನ್ನೆಲ್ಲ ನದಿ ಗುಡಿಸಿಕೊಂಡು ಹೋಗಿ ಜೇನುಬಣ್ಣದ ಬಂಡೆಯನ್ನು ಬರಿದು ಮಾಡಿದೆ. ವಾಷಿಂಗ್ಟನ್ನಿನಲ್ಲಿ 2004ರಲ್ಲಿ ತೆರೆದ ಅಮೆರಿಕನ್ ಇಂಡಿಯನ್ನರ ರಾಷ್ಟ್ರೀಯ ಸಂಗ್ರಹಾಲಯದ ಗೋಡೆಗೆ ಹೊದಿಸಿದ್ದು ಈ ಕಸೋಟ ಕಲ್ಲನ್ನೇ.

ಇಷ್ಟು ಆಳಕ್ಕೆ ನೀರು ಹೇಗೆ ಕೊರೆಯಿತು ಎಂದರೆ, ಅದು ತಿಳಿನೀರಾದ್ದರಿಂದ. ಹಿಮ ಅರೆದು ತಂದ ಮಣ್ಣೆಲ್ಲ ಕೆರೆಯ ತಳಕ್ಕಿಳಿದು, ಹೊರೆಯಿಲ್ಲದ ನೀರು ಮಾತ್ರ ಕೋಡಿ ದಾಟುತ್ತಿತ್ತು. ಮಣ್ಣು ಹೊತ್ತ ನದಿ ಹೊರುವುದರಲ್ಲೇ ಬಲ ಕಳೆಯುತ್ತದೆ. ಬರಿಗೈಯ ನದಿ ತನ್ನ ಪಾತ್ರವನ್ನೇ ಅಗೆದು ಎತ್ತಿಕೊಳ್ಳುತ್ತದೆ. ಮ್ಯಾಂಕೇಟೊ ಬಳಿ ಕಣಿವೆ ಸುಮಾರು 70 ಮೀಟರ್ ಆಳವಿದೆ. ಅಲ್ಲೇ ಹೊಳೆ ಮೊಣಕೈ ಮಡಿಸಿದಂತೆ ಈಶಾನ್ಯಕ್ಕೆ ತಿರುಗುತ್ತದೆ.

ಮ್ಯಾಂಕೇಟೊದಲ್ಲಿ ಕಾರಿನಿಂದ ಇಳಿದು ಮೊದಲು ಹೋದದ್ದು ನದಿಯ ಹತ್ತಿರದ ಒಂದು ಸಣ್ಣ ಉದ್ಯಾನಕ್ಕೆ. 1862ರ ಡಿಸೆಂಬರ್ 26ರಂದು ಈ ಊರಿನಲ್ಲಿ 38 ಡಕೋಟ ಗಂಡಸರನ್ನು ಒಂದೇ ಹೊತ್ತಿಗೆ ನೇಣಿಗೆ ಹಾಕಿದರು. ಹಸಿವು, ಮುರಿದ ಕರಾರುಗಳು, ಆ ಬೇಸಿಗೆಯ ಯುದ್ಧ, ಎರಡೂ ಕಡೆಯ ಸಾವು, ಎಲ್ಲ ನಡೆದದ್ದು ಇದೇ ಕಣಿವೆಯಲ್ಲಿ. ಅದೇ ಚಳಿಗಾಲ ನಾನು ಕೈ ಅದ್ದಿದ್ದ ಆ ಸಂಗಮದ ತಗ್ಗಿನಲ್ಲಿ ಸುಮಾರು 1,600 ಡಕೋಟರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಬೇಲಿಯೊಳಗೆ ಕೂಡಿಹಾಕಿದ್ದರು. ಹುಟ್ಟಿದ ತಾವು ಎಂದು ನಂಬಿದ ಜಾಗದಲ್ಲೇ. ಉದ್ಯಾನದಲ್ಲಿ ನೇಣಿಗೇರಿದವರ ಹೆಸರುಗಳ ಪಟ್ಟಿಯ ಮುಂದೆ ಮಗಳೂ ನಾನೂ ಮಾತಿಲ್ಲದೆ ನಿಂತೆವು. ಮೇಲ್ಗಣಿವೆಯಲ್ಲಿ ಸರ್ಕಾರದ ಉದ್ಯಾನವಾಗಿದ್ದ ಒಂದು ತುಂಡು ನೆಲ 2024ರಲ್ಲಿ ಡಕೋಟರದೇ ಆದ ಅಪ್ಪರ್ ಸೂ ಸಮುದಾಯಕ್ಕೆ ಮರಳಿದೆ ಎಂದು ಆಮೇಲೆ ತಿಳಿಯಿತು.

ಮ್ಯಾಂಕೇಟೊದ ಪಕ್ಕದಲ್ಲೇ ಬ್ಲೂ ಅರ್ತ್ ಎಂಬ ಉಪನದಿ ಸೇರುತ್ತದೆ. ಅದರ ಮೇಲೆ 1910ರಲ್ಲಿ ಕಟ್ಟಿದ ರ‍್ಯಾಪಿಡನ್ ಅಣೆಕಟ್ಟು. 2024ರ ಜೂನ್ ಪ್ರವಾಹದಲ್ಲಿ ನದಿ ಅಣೆಕಟ್ಟನ್ನು ಬಿಟ್ಟು ಅದರ ಮಗ್ಗುಲ ದಂಡೆಯನ್ನೇ ಕೊರೆದುಕೊಂಡು ಹೋಯಿತು. ದಂಡೆಯ ಮೇಲಿದ್ದ ಮನೆಯೊಂದು ಜಾರಿ ನೀರಿಗೆ ಬಿತ್ತು. ಆ ಚಿತ್ರ ಬೆಂಗಳೂರಿನಲ್ಲೇ ನೋಡಿದ್ದೆ. ಅದನ್ನು ಬರೀ ಒಂದು ಮಳೆಗಾಲದ ಅವಘಡ ಎಂದುಕೊಂಡಿದ್ದೆ. ವಾರೆನ್ ನದಿ ಹೆಗ್ಗಣಿವೆಯನ್ನು ಅಷ್ಟು ಆಳಕ್ಕೆ ಇಳಿಸಿದಾಗ ಪಕ್ಕದ ಹಳ್ಳಗಳೆಲ್ಲ ಮೇಲೆ ನೇತಾಡುವಂತೆ ಉಳಿದವು. ಆ ತಳಕ್ಕೆ ಸರಿಯಾಗಿ ಇಳಿಯಲು ಅವು ಅಂದಿನಿಂದ ಇಂದಿನವರೆಗೆ ಅಗೆಯುತ್ತಲೇ ಇವೆ. ಬ್ಲೂ ಅರ್ತ್, ಲೆ ಸ್ಯೂಯರ್ ಹೊಳೆಗಳ ದಂಡೆಗಳು ಮಣ್ಣಿನ ಗೋಡೆಗಳಂತೆ ಕಡಿದಾಗಿ ನಿಂತು ಈಗಲೂ ಕಳಚಿ ಬೀಳುತ್ತವೆ. ಹೊಲಗಳ ಬಸಿಗಾಲುವೆಗಳು ನೀರನ್ನು ಬೇಗ ಬೇಗ ತಂದು ಸುರಿದು ಈ ಹಳೆಯ ಕೆಲಸಕ್ಕೆ ಹೊಸ ಬಲ ಕೊಟ್ಟಿವೆ. ಆ ಮಣ್ಣು ಕೆಳಗೆ ಮಿಸಿಸಿಪ್ಪಿಯಲ್ಲಿರುವ ಪೆಪಿನ್ ಸರೋವರವನ್ನು ಹಿಂದಿನದಕ್ಕಿಂತ ಸುಮಾರು ಹತ್ತು ಪಟ್ಟು ವೇಗವಾಗಿ ತುಂಬುತ್ತಿದೆ. 13 ಸಾವಿರ ವರ್ಷದ ಹಿಂದೆ ಬಿದ್ದ ಕೋಡಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಮಾರ್ಟನ್ ಎಂಬ ಪುಟ್ಟ ಊರು ತಲುಪಿದಾಗ ಮಧ್ಯಾಹ್ನ. ಇಲ್ಲಿಗೆ ಬರಲೇಬೇಕೆಂದು ಹಟ ಹಿಡಿದವನು ನಾನು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ನನ್ನ ಬೆಳಗಿನ ನಡಿಗೆ ಲಾಲ್‌ಬಾಗಿನ ಬಂಡೆ ಹತ್ತಿ ಇಳಿಯದೆ ಮುಗಿಯುವುದಿಲ್ಲ. ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಾರ್ಟನ್ನಿನ ಬಂಡೆ ಸುಮಾರು 350 ಕೋಟಿ ವರ್ಷದ್ದು. ಎರಡೂ ನೈಸ್ ಎಂಬ ಒಂದೇ ಜಾತಿಯ ಶಿಲೆ. ನಮ್ಮದು ಬೂದಿಬಣ್ಣದ್ದು, ಸೌಮ್ಯ. ಇದು ಗುಲಾಬಿ, ಕಪ್ಪು, ಬೂದು ಬಣ್ಣಗಳು ಹಿಟ್ಟು ನಾದುವಾಗ ಸುತ್ತಿಕೊಂಡಂತೆ ತಿರುಚಿಕೊಂಡಿರುವ ಕಲ್ಲು. ಷಿಕಾಗೋದ ಆಡ್ಲರ್ ತಾರಾಲಯಕ್ಕೆ ಹೊದಿಸಿದ್ದು ಇದನ್ನೇ. ಸುತ್ತಲ ಬಯಲಿನಲ್ಲಿ ಈ ಶಿಲೆ ಹಿಮ ತಂದ ಮಣ್ಣಿನಡಿ ಆಳದಲ್ಲಿ ಹೂತಿದೆ. ಕೋಡಿನೀರು ಅಷ್ಟೂ ಮಣ್ಣನ್ನು ತೊಳೆದು ಈ ಕಣಿವೆಯಲ್ಲಿ ಮಾತ್ರ ಅದನ್ನು ಬಿಸಿಲಿಗೆ ತಂದಿದೆ.

ಚಪ್ಪಲಿ ಕಳಚಿ ಹತ್ತಿದೆ. ಬಿಸಿಲಿಗೆ ಬೆಚ್ಚಗಾಗಿತ್ತು. ಅಂಗಾಲಿಗೆ ಲಾಲ್‌ಬಾಗ್ ಗುರುತು ಸಿಕ್ಕಿತು. ಬಂಡೆಯ ಬಿರುಕಿನಲ್ಲಿ ಸಣ್ಣ ಪಾಪಾಸುಕಳ್ಳಿ ಇತ್ತು, ಆರು ತಿಂಗಳು ಹಿಮ ಬೀಳುವ ನಾಡಿನಲ್ಲಿ. ಸುಮ್ಮನೆ ಕೂತುಬಿಟ್ಟೆ. ಮಗಳು ಅವಸರ ಮಾಡಲಿಲ್ಲ.

ಮುಂದಿನ ದಾರಿಯಲ್ಲಿ ಹೊಳೆ ಇನ್ನೂ ಸಣ್ಣದಾಗುತ್ತಾ ಹೋಯಿತು, ಕಣಿವೆ ಮಾತ್ರ ಹಾಗೇ. ಕೆಲವು ಕಡೆ ಪಕ್ಕದ ಹಳ್ಳಗಳು ತಂದು ಹಾಕಿದ ಮಣ್ಣನ್ನು ಸರಿಸುವ ತ್ರಾಣವೂ ಈ ಹೊಳೆಗಿಲ್ಲ. ಅಲ್ಲಲ್ಲೇ ನಿಂತು ಉದ್ದನೆಯ ಕೆರೆಗಳಾಗಿದೆ. ಲಾಕ್ ಕಿ ಪಾರ್ಲ್ ಅಂಥದೊಂದು, ಮಾತಾಡುವ ಕೆರೆ ಎಂದು ಅದರ ಅರ್ಥ. ಅಲ್ಲಿ ಬಿಳಿ ಹೆಜ್ಜಾರ್ಲೆಗಳು ದಕ್ಷಿಣಕ್ಕೆ ಹಾರುವ ಮುನ್ನ ಗುಂಪುಗೂಡಿದ್ದವು. ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಮೇಲೆ ನೋಡಿದ್ದ ಹಕ್ಕಿಯ ದಾಯಾದಿಗಳು ಇಲ್ಲಿ ನೀರಿನ ಮೇಲೆ ದೋಣಿಗಳಂತೆ ಸಾಲುಗಟ್ಟಿದ್ದವು.

ಮರುದಿನ ಸಂಜೆ ಬ್ರೌನ್ಸ್ ವ್ಯಾಲಿ ತಲುಪಿದೆವು. ಇದೇ ಕೋಡಿ.

ಮಿನ್ನೆಸೋಟ ಮತ್ತು ಸೌತ್ ಡಕೋಟ ರಾಜ್ಯಗಳ ಗಡಿಯ ಪುಟ್ಟ ಊರು. ಎರಡು ಬದಿಗೆ ಸುಮಾರು 40 ಮೀಟರ್ ಎತ್ತರದ ಏರು, ನಡುವೆ ಒಂದೂವರೆ ಕಿಲೋಮೀಟರಿನಷ್ಟು ಅಗಲದ ಸಮತಟ್ಟು. ನದಿಯೇ ಇಲ್ಲದ ನದೀಪಾತ್ರ. ಉತ್ತರಕ್ಕೆ ಟ್ರಾವರ್ಸ್ ಸರೋವರ, ಅದರ ನೀರು ರೆಡ್ ರಿವರ್ ಹಿಡಿದು ಹಡ್ಸನ್ ಕೊಲ್ಲಿಗೆ ಹೋಗುತ್ತದೆ. ದಕ್ಷಿಣಕ್ಕೆ ಬಿಗ್ ಸ್ಟೋನ್ ಸರೋವರ, ಅದರ ನೀರು ಮಿನ್ನೆಸೋಟ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೋ ಕೊಲ್ಲಿಗೆ. ನಮ್ಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಒಂದು ಕಡೆ ನೇತ್ರಾವತಿಯಾಗಿ ಪಡುವಣ ಕಡಲಿಗೂ ಇನ್ನೊಂದು ಕಡೆ ಹೇಮಾವತಿಯಾಗಿ ಮೂಡಣ ಕಡಲಿಗೂ ಹೋಗುತ್ತದಲ್ಲ, ಹಾಗೆ. ನಮ್ಮಲ್ಲಿ ಅದನ್ನು ಬೇರ್ಪಡಿಸುವುದು ಬೆಟ್ಟ. ಇಲ್ಲಿ ಬೇರ್ಪಡಿಸುವುದು ಕಣ್ಣಿಗೂ ಕಾಣದಷ್ಟು ಸಣ್ಣ ಉಬ್ಬು, ಅದೂ ಕಣಿವೆಯ ತಳದಲ್ಲಿ. 2007ರ ಮಾರ್ಚಿನಲ್ಲಿ ಲಿಟಲ್ ಮಿನ್ನೆಸೋಟ ಹೊಳೆಯಲ್ಲಿ ಹಿಮದ ತುಂಡುಗಳು ಸಿಕ್ಕಿಕೊಂಡು ಊರಿನೊಳಗೇ ನೀರು ನುಗ್ಗಿತ್ತು.

ಈ ಕೋಡಿಯ ಗುಟ್ಟು ಬಂಡೆಗಳಲ್ಲಿದೆ. ದಿಬ್ಬವನ್ನು ಕೊರೆಯುವಾಗ ನೀರು ಸಣ್ಣ ಮಣ್ಣನ್ನು ಒಯ್ದು ಎತ್ತಲಾಗದ ದೊಡ್ಡ ಕಲ್ಲುಗಳನ್ನು ಬಿಟ್ಟಿತು. ಅವೇ ತಳಕ್ಕೆ ಹಾಸಾಗಿ ಕೊರೆತ ನಿಂತಿತು. ಕೋಡಿಗೆ ಕಲ್ಲು ಕಟ್ಟುವ ಕೆಲಸ ತಾನಾಗಿ ಆಯಿತು. ಕೆರೆಯ ಮಟ್ಟ ಬಹುಕಾಲ ಅಲ್ಲೇ ನಿಂತು, ಅಲೆಗಳು ದಡದಲ್ಲಿ ಮರಳಿನ ಏರು ಕಟ್ಟಿದವು. ಮುಂದೆ ಆ ಹಾಸೂ ಕಿತ್ತು ಇನ್ನಷ್ಟು ಇಳಿಯಿತು. ಅಪ್ಹಮ್ ಕುದುರೆಗಾಡಿಯಲ್ಲಿ ಊರೂರು ಸುತ್ತಿ ಈ ಒಣ ದಡಗಳನ್ನು ಅಳೆದ. ಈಗಲೂ ಹೊಲಗಳ ನಡುವೆ ಉಬ್ಬಿಕೊಂಡು ಹೋಗುತ್ತವೆ.

ಅಪ್ಹಮ್‌ಗೂ ಮುಂಚೆ ಈ ಜಾಗದ ಅರ್ಥ ಕಂಡವನು ಗವರ್ನರ್ ಕೆಂಬಲ್ ವಾರೆನ್. ಗವರ್ನರ್ ಎಂಬುದು ಅವನ ಹೆಸರೇ, ಪದವಿಯಲ್ಲ. ಸೈನ್ಯದ ಎಂಜಿನಿಯರ್. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದಲ್ಲಿ ಲಿಟಲ್ ರೌಂಡ್ ಟಾಪ್ ಗುಡ್ಡಕ್ಕೆ ಕಾವಲಿಲ್ಲದ್ದನ್ನು ಕಂಡು ಪಡೆ ಕರೆಸಿದವನು. ಎರಡು ವರ್ಷದ ಮೇಲೆ ಇನ್ನೊಂದು ಕದನದಲ್ಲಿ ಮೇಲಧಿಕಾರಿ ಅವನನ್ನು ಎಲ್ಲರೆದುರು ಹುದ್ದೆಯಿಂದ ಇಳಿಸಿದ. ಉಳಿದ ಬಾಳೆಲ್ಲ ಆ ಕಳಂಕ ತೊಳೆಯಲು ಹೆಣಗಿದ. ಅದೇ ವರ್ಷಗಳಲ್ಲಿ ಈ ಕಣಿವೆಯನ್ನು ಸಮೀಕ್ಷೆ ಮಾಡಿ, ಉತ್ತರದ ಒಂದು ಮಹಾಸರೋವರ ಇಲ್ಲಿ ದಕ್ಷಿಣಕ್ಕೆ ಹರಿದಿತ್ತು ಎಂದು 1868ರಲ್ಲಿ ಬರೆದ. ವಿಚಾರಣಾ ಮಂಡಳಿ ಅವನ ಪರವಾಗಿ ಹೇಳಿದ್ದು ಪ್ರಕಟವಾಗುವಾಗ ಅವನು ತೀರಿಕೊಂಡು ಮೂರು ತಿಂಗಳಾಗಿತ್ತು. ನದಿಗೆ ಅವನ ಹೆಸರಿಟ್ಟದ್ದೂ ಆಮೇಲೆಯೇ. ಆ ಮಾನ ಅವನಿಗೆ ಬದುಕಿದ್ದಾಗಲೇ ಸಿಗಬೇಕಿತ್ತು ಎಂದು ನನ್ನ ಕರುಳು ಚುರ್ ಎಂದಿತು.

ಹಿಮ ಇನ್ನೂ ಹಿಂದೆ ಸರಿದಾಗ ಪೂರ್ವದಲ್ಲಿ, ಉತ್ತರದಲ್ಲಿ ತಗ್ಗಿನ ತೂಬುಗಳು ತೆರೆದುಕೊಂಡವು. ಈ ಕೋಡಿ ನಿಂತು, ಮತ್ತೆ ಹರಿದು, ಹತ್ತೂವರೆ ಸಾವಿರ ವರ್ಷಗಳ ಹಿಂದೆ ಪೂರ್ತಿ ಒಣಗಿತು. ಅದು ಬಿಟ್ಟುಹೋದ ಜಲ್ಲಿಯಲ್ಲಿ 1933ರಲ್ಲಿ ಒಬ್ಬ ಮನುಷ್ಯನ ಮೂಳೆಗಳು ಸಿಕ್ಕವು, ಸುಮಾರು 10 ಸಾವಿರ ವರ್ಷ ಹಳೆಯವು. ಅವನ ಮುತ್ತಜ್ಜಂದಿರು ಈ ನೀರಿನ ಮೊರೆತ ಕೇಳಿರಬಹುದು. ಕೆರೆಯ ಕೊನೆಯ ಪಾಲು 8 ಸಾವಿರ ವರ್ಷಗಳಿಗೂ ಮುಂಚೆ ಹಿಮದ ಏರಿ ಒಡೆದು ಹಡ್ಸನ್ ಕೊಲ್ಲಿಗೆ ನುಗ್ಗಿತು. ಅಟ್ಲಾಂಟಿಕ್ ಸಾಗರ ಅಷ್ಟು ಸಿಹಿನೀರು ಕುಡಿದು ತಣ್ಣಗಾಯಿತು ಎಂದೂ, ಉತ್ತರದ ನೆಲಗಳಿಗೆ ಮತ್ತೆ ಚಳಿ ಹಿಡಿಯಿತು ಎಂದೂ ವಿಜ್ಞಾನಿಗಳು ಹೇಳುತ್ತಾರೆ. ಅರಬ್ಬಿ ಸಮುದ್ರದಾಚೆ ಒಮಾನಿನ ಗುಹೆಯೊಂದರ ಸುಣ್ಣದ ಪದರಗಳಲ್ಲಿ ಅದೇ ಕಾಲಕ್ಕೆ ನಮ್ಮ ಮುಂಗಾರೂ ಸೊರಗಿದ ಗುರುತಿದೆ. ಯಾವ ಕೆರೆ, ಯಾವ ಮಳೆ!

‘ನೀನು ಕಾರು ತಗೊಂಡು ಆಚೆ ದಡಕ್ಕೆ ಹೋಗು, ನಾನು ನಡೆದು ಬರ್ತೀನಿ’ ಎಂದೆ. ಇಪ್ಪತ್ತೈದು ನಿಮಿಷದ ನಡಿಗೆ, ಲಾಲ್‌ಬಾಗಿನ ಅರ್ಧ ಸುತ್ತು. ಏರಿನಿಂದ ಇಳಿದು ಊರು ದಾಟಿದೆ. ಜೋಳದ ಹೊಲ, ಧಾನ್ಯದ ಎತ್ತರದ ಕಣಜ, ಒಂದು ನಾಯಿ. ನಡುಮಧ್ಯಕ್ಕೆ ಬಂದು ನಿಂತು ಎರಡೂ ಬದಿಯ ಏರುಗಳ ನೆತ್ತಿಯನ್ನು ಕಣ್ಣಿನಲ್ಲೇ ಒಂದು ಗೆರೆ ಎಳೆದು ಸೇರಿಸಿದೆ. ಆ ಗೆರೆ ನನ್ನ ತಲೆಯ ಮೇಲೆ, ತುಂಬಾ ಮೇಲೆ, ಹಾದುಹೋಯಿತು.

ಫೋನು ಬಂತು. ಬೆಂಗಳೂರಿನಲ್ಲಿ ಬೆಳಗಿನ ಐದು ಗಂಟೆ, ಹೆಂಡತಿ ಹಾಲು ಕಾಯಿಸಲು ಎದ್ದಿದ್ದಳು. ಮಂಡಿನೋವಿನಿಂದ ಅವಳಿಗೆ ಈ ಸಲ ಬರಲಾಗಿರಲಿಲ್ಲ.

‘ಎಲ್ಲಿದ್ದೀರಿ?’

‘ಹೊಳೆಯ ನಡುವೆ ನಿಂತಿದ್ದೀನಿ ಕಣೇ.’

‘ಅಯ್ಯೋ, ನೀರು ಎಷ್ಟಿದೆ?’

ನಾನು ಸುತ್ತ ನೋಡಿದೆ. ಹೊತ್ತು ಮುಳುಗುತ್ತಿತ್ತು, ಪಶ್ಚಿಮದ ಏರಿನ ನೆರಳು ಹೊಲಗಳ ಮೇಲೆ ಹರಿದು ಬಂದು ನನ್ನ ಕಾಲು ಮುಟ್ಟಿ ಮುಂದೆ ಹೋಗುತ್ತಿತ್ತು.

‘ಬಂದು ಹೇಳ್ತೀನಿ’ ಎಂದೆ.

‘ಕತ್ತಲಾಗೋ ಮುಂಚೆ ದಡ ಸೇರ್ಕೊಳ್ಳಿ’ ಎಂದಳು. ಆಚೆ ಏರಿನ ಮೇಲೆ ಮಗಳು ಕಾರಿನ ದೀಪ ಹಚ್ಚಿದ್ದಳು. ಆ ದೀಪ ನೋಡಿಕೊಂಡು ನಡೆದೆ.